ಥಂಡಿಗೆ ಕಪ್ಪಾಗುವ ಹುಡುಗಿ: ವಿಜಯಪುರದ ಒಂದು ಪ್ರಕರಣ

ನವೆಂಬರ್ ಕೊನೆಯ ವಾರ. ವಿಜಯಪುರದಲ್ಲಿ ಬೆಳಗಿನ ಥಂಡಿ ಆಗಲೇ ಶುರುವಾಗಿತ್ತು. ನನ್ನ ಚರ್ಮರೋಗದ ದವಾಖಾನೆಯ ಮುಂದಿನ ಕಟ್ಟೆಯಲ್ಲಿ ಸರದಿಗೆ ಕಾಯುತ್ತಿದ್ದವರೆಲ್ಲ ಬೇವಿನ ಗಿಡದ ನೆರಳು ಬಿಟ್ಟು ಬಿಸಿಲು ಬೀಳುವ ತುದಿಗೆ ಸರಿದು, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಏಪ್ರಿಲ್ ತಿಂಗಳಲ್ಲಿ ಇದೇ ಗಿಡದ ನೆರಳಿಗೆ ಜಗಳವೇ ಆಗುತ್ತದೆ. ಅವತ್ತು ಒಳಗೆ ಹೋಗುವಾಗ ಇದನ್ನು ನೋಡಿದೆ, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡಿದ್ದರೆ ಈ ಪ್ರಕರಣದ ಮೊದಲ ಐದು ವಾರ ಹಾಳಾಗುತ್ತಿರಲಿಲ್ಲ.

ಹುಡುಗಿಗೆ 22 ವರ್ಷ. ಇಂಡಿ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಗೆ ಲಿಂಬೆ ತೋಟವಿದೆ, ಒಂದಿಷ್ಟು ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ. ಡಿಗ್ರಿ ಮುಗಿಸಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ವಿಜಯಪುರದ ಕೋಚಿಂಗ್ ಕ್ಲಾಸಿಗೆ ಬರುತ್ತಿದ್ದಳು, ಉಳಿದ ದಿನ ಮನೆಯಲ್ಲೇ ಓದು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಜೊತೆಗೆ ಬಂದಿದ್ದ ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದರು:

“ನೋಡ್ರಿ ಮೇಡಂ, ಬ್ಯಾಸಗಿಯಾಗ ಈಕಿ ಮುಖ ಚೊಲೋ ಇರ್ತದ್ರಿ. ಥಂಡಿ ಬಂತಂದ್ರ ಕರ್ರಗ ಆಗ್ತಾಳ. ಮಂದಿ ಎಲ್ಲಾ ಬಿಸಲಿಗೆ ಕರ್ರಗ ಆದ್ರ ನನ್ನ ಮಗಳು ಥಂಡಿಗೆ ಕರ್ರಗ ಆಗ್ತಾಳ್ರಿ.”

ನಾನು ನಕ್ಕೆ. ಥಂಡಿಗೆ ಯಾರೂ ಕಪ್ಪಾಗುವುದಿಲ್ಲ, ಚರ್ಮ ಒಣಗಿ ಕಳೆಗುಂದಿದಂತೆ ಕಾಣುತ್ತದೆ ಅಷ್ಟೇ ಎಂದೆ. ತಾಯಿ ಸುಮ್ಮನಾದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮುಖದ ಮೇಲೆ ಎಣಿಸಿದರೆ ಕೆಂಪಗಿದ್ದ, ನೋಯುವ ಗುಳ್ಳೆಗಳು 23. ಹೆಚ್ಚಿನವು ಗಲ್ಲ, ಗದ್ದದ ಮೇಲೆ. ಹಣೆಯ ಮೇಲೆ ಸಣ್ಣ ಕಪ್ಪು ತಲೆಯ ಮೊಡವೆಗಳು. ಆಳವಾದ ಗಡ್ಡೆ, ಕುಳಿ ಇರಲಿಲ್ಲ. ಮೂಗಿನ ಪಕ್ಕ ಎಣ್ಣೆ ಜಿನುಗುತ್ತಿದ್ದರೂ ಬಾಯಿಯ ಸುತ್ತ ಚರ್ಮ ಬಿರಿದು ಹೊಟ್ಟು ಎದ್ದಿತ್ತು. ನಮ್ಮ ಕಡೆಯ ಒಣಗಾಳಿಯ ಚಳಿಗಾಲದಲ್ಲಿ ಇವೆರಡೂ ಒಂದೇ ಮುಖದಲ್ಲಿ ಇರುವುದು ಹೊಸದೇನಲ್ಲ. ಎದ್ದು ಕಾಣುತ್ತಿದ್ದದ್ದು ಮಾತ್ರ ಗುಳ್ಳೆಗಳಲ್ಲ, ಅವು ಹೋದ ಮೇಲೆ ಉಳಿದಿದ್ದ ಕಂದು-ಕಪ್ಪು ಕಲೆಗಳು. ಎಡಗಲ್ಲದ ಮೇಲೆ ಬಲಕ್ಕಿಂತ ಹೆಚ್ಚಾಗಿ, ಗಾಢವಾಗಿ ಇದ್ದವು. ಹುಡುಗಿಯ ಸಂಕಟವೂ ಅದೇ. “ಗುಳ್ಳಿ ಬರಲಿ ಹೋಗ್ಲಿ ಮೇಡಂ, ಈ ಕಲಿ ಹೋಗೂದಿಲ್ಲ ನೋಡ್ರಿ” ಎಂದಳು.

ನಮ್ಮ ಬಣ್ಣದ ಚರ್ಮಕ್ಕೆ ಇದೊಂದು ಸ್ವಭಾವ. ಎಲ್ಲಿ ಉರಿಯೂತವಾಯಿತೋ ಅಲ್ಲಿನ ಬಣ್ಣದ ಜೀವಕೋಶಗಳು ಹೆದರಿದವರಂತೆ ಹೆಚ್ಚು ಬಣ್ಣ ತಯಾರಿಸಿ ಸುರಿಯುತ್ತವೆ. ಗುಳ್ಳೆ ವಾರದಲ್ಲಿ ಮಾಯ, ಅದರ ನೆರಳು ತಿಂಗಳುಗಟ್ಟಲೆ. ಬಿಳಿ ಚರ್ಮದವರ ಮೊಡವೆ ಕೆಂಪು ಗುರುತು ಬಿಡುತ್ತದೆ, ನಮ್ಮದು ಕಪ್ಪು ಗುರುತು. ಆ ಗುರುತಿನ ಮೇಲೆ ದಿನವೂ ಬೆಳಕು ಬೀಳುತ್ತಿದ್ದರೆ, ಆರುತ್ತಿರುವ ಒಲೆಗೆ ಕುರುಳು ಹಾಕುತ್ತ ಕೂತಂತೆ. ಆದ್ದರಿಂದ ಮೊಡವೆ ಮುಖಕ್ಕೆ ಬಿಸಿಲಿನ ರಕ್ಷಣೆ ಎಂದರೆ ಬೆಳ್ಳಗಾಗುವ ಶೋಕಿಯಲ್ಲ, ಚಿಕಿತ್ಸೆಯ ಅರ್ಧ ಭಾಗ.

ಮೊದಲು ಕೇಳಬೇಕಾದ ಪ್ರಶ್ನೆ ಕೇಳಿದೆ: ಮೆಡಿಕಲ್ ಅಂಗಡಿಯಿಂದ ತಂದು ಯಾವುದಾದರೂ ‘ಬೆಳ್ಳಗಾಗುವ’ ಮುಲಾಮು ಹಚ್ಚಿದ್ದೀಯಾ? ಇಲ್ಲವೆಂದಳು. ಪುಣ್ಯ. ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳು ಮುಖವನ್ನು ಎಷ್ಟು ಹಾಳು ಮಾಡಿವೆಯೆಂದರೆ, 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಬೇಕಾಯಿತು. ಆಮೇಲೂ ವಾರಕ್ಕೊಂದು ಅಂಥ ಮುಖ ನನ್ನ ಮುಂದೆ ಬಂದು ಕೂರುತ್ತದೆ. ಇವಳದು ಆ ಕಥೆಯಲ್ಲ.

ಎರಡನೇ ಪ್ರಶ್ನೆ: “ಬಿಸಲಿಗೆ ಹೋಗ್ತೀಯೇನವ್ವಾ?”

“ಇಲ್ರಿ ಮೇಡಂ. ಓದೂದ ಇರ್ತದ, ಮನ್ಯಾಗ ಇರ್ತೀನಿ.”

ಕೇಸ್ ಪೇಪರಿನಲ್ಲಿ ‘ಬಿಸಿಲು: ಇಲ್ಲ’ ಎಂದು ಬರೆದುಕೊಂಡೆ. ಬೆಳಿಗ್ಗೆ ಹಚ್ಚಲು ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್, ರಾತ್ರಿ ಮುಚ್ಚಿದ ರಂಧ್ರ ಬಿಡಿಸುವ 0.1 ಶೇಕಡಾ ಅಡಾಪಲಿನ್, ಎಸ್‌ಪಿಎಫ್ (ಸುಡುವ ಕಿರಣ ತಡೆಯುವ ಅಳತೆ) 50 ಇರುವ ಒಂದು ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಹೆಸರಿನ ಮುಂದೆ ಕೈಯಿಂದ ಬರೆದೆ: ಬಿಸಿಲಿಗೆ ಹೋಗುವಾಗ ಹಚ್ಚಿ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆ ಕೊಡುವ ಯೋಚನೆಯೂ ಇತ್ತು. ಆದರೆ ಅದು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ, ಮುಂದೆ ಸುಗ್ಗಿ ಇದೆ ಎಂದು ಬಿಟ್ಟೆ. ಆ ಚೀಟಿಯಲ್ಲಿ ನಾನು ಸರಿಯಾಗಿ ಯೋಚಿಸಿದ್ದು ಅದೊಂದೇ.

ಎಳ್ಳ ಅಮಾವಾಸ್ಯೆಯ ಮಾರನೇ ದಿನ

ಜನವರಿ ಮಧ್ಯಕ್ಕೆ ಬಾ ಎಂದಿದ್ದೆ. ಎಳ್ಳ ಅಮಾವಾಸ್ಯೆಯ ಮಾರನೇ ದಿನವೇ ಬಂದಳು. ಮುಖ ಕೆಂಪೇರಿ, ಗಲ್ಲದ ಮೇಲೆ ಸಿಪ್ಪೆ ಏಳುತ್ತಿತ್ತು. ನೀರು ತಾಗಿದರೆ ಉರಿ. ಕಲೆಗಳು ಮೊದಲಿಗಿಂತ ಕಪ್ಪು, ಹೊಸ ಗುಳ್ಳೆಗಳೂ ಇದ್ದವು. ತಾಯಿ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಹಿಂದಿನ ದಿನ ಏನಾಯಿತು ಎಂದು ಕೇಳಿದೆ. ಎಳ್ಳ ಅಮಾವಾಸ್ಯೆ ಎಂದರೆ ನಮ್ಮಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಬುತ್ತಿ ಕಟ್ಟಿಕೊಂಡು, ಹೊಲದಲ್ಲಿ ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಂಡು, ಸಂಜೆಗೆ ಮನೆ ಮುಟ್ಟುವುದು. ಬೆಳಿಗ್ಗೆ 9ಕ್ಕೆ ಹೋದವಳು ಸಂಜೆ 5ರವರೆಗೆ ಹೊಲದಲ್ಲೇ ಇದ್ದಾಳೆ. ಸನ್‌ಸ್ಕ್ರೀನ್?

“ಹಚ್ಚಿಲ್ರಿ. ನೀವು ಬಿಸಲಿಗೆ ಹೋದ್ರ ಹಚ್ಚು ಅಂದಿದ್ರಿ.”

“ಇಡೀ ದಿನ ಹೊಲದಾಗ ಇದ್ದಿ. ಬಿಸಲು ಇರಲಿಲ್ಲೇನು?”

ಹುಡುಗಿ ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. “ಅದು ಬಿಸಲ ಅಲ್ರಿ ಮೇಡಂ. ಎಳಿ ಬಿಸಲ.”

ಈ ಪ್ರಕರಣವನ್ನು ಬರೆಯಲು ಕೂತದ್ದೇ ಈ ಒಂದು ವಾಕ್ಯಕ್ಕಾಗಿ. ಹದಿನೈದು ವರ್ಷದಿಂದ ಚೀಟಿಯ ಮೇಲೆ ‘ಬಿಸಿಲಿಗೆ ಹೋಗುವಾಗ’ ಎಂದು ಬರೆಯುತ್ತಿದ್ದೇನೆ. ನಾನು ಬರೆಯುವ ಬಿಸಿಲು ಬೆಳಕು, ಅವರು ಓದುವ ಬಿಸಿಲು ಝಳ. ಮಾರ್ಚ್‌ನಿಂದ ಮೇವರೆಗೆ ನೆತ್ತಿ ಸುಡುವುದಕ್ಕೆ ಬಿಸಿಲು ಎನ್ನುತ್ತಾರೆ. ಡಿಸೆಂಬರಿನಲ್ಲಿ ಮೈ ಕಾಯಿಸುವುದು ಎಳೆ ಬಿಸಿಲು, ಅದಕ್ಕೆ ಯಾರೂ ‘ಹೋಗುವುದಿಲ್ಲ’, ಅದರಲ್ಲಿ ‘ಕುಂದರುತ್ತಾರೆ’. ಹುಡುಗಿ ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆಯೇ ತಪ್ಪಾಗಿತ್ತು.

ಈ ಸಲ ಬಿಸಿಲಿನ ಮಾತೇ ಎತ್ತಲಿಲ್ಲ. ಮೊನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿ ಹೇಳು ಎಂದೆ. ಹೀಗೆ ಹೊರಬಂತು: ಕ್ಲಾಸಿಲ್ಲದ ದಿನ 9ಕ್ಕೆ ಪುಸ್ತಕ ಹಿಡಿದು ಮಾಳಿಗೆ ಹತ್ತುತ್ತಾಳೆ. ಕೆಳಗೆ ಥಂಡಿ, ಅಕ್ಷರ ಕಾಣದ ಕತ್ತಲೆ. ಕುಂಬಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಸೂರ್ಯನ ಕಡೆ ಮುಖ ಮಾಡಿ 12ರವರೆಗೆ ಓದು. ಊಟ ಮುಗಿಸಿ ಮತ್ತೊಂದು ತಾಸು. ಕ್ಲಾಸಿನ ದಿನ ಬಸ್ಸಿನಲ್ಲಿ ಎಡಗಡೆ ಕಿಟಕಿ. ಅದೇ ಏಕೆ? “ಆ ಕಡೆ ಬಿಸಲು ಬೀಳ್ತದ್ರಿ, ಬೆಚ್ಚಗ ಇರ್ತದ.”

ಹಾಗಾದರೆ ಬೇಸಗೆಯಲ್ಲಿ? ಬೆಳಿಗ್ಗೆ 10ರ ಮೇಲೆ ಅಂಗಳಕ್ಕೂ ಇಳಿಯುವುದಿಲ್ಲ. ಬಸ್ಸಿಗೆ ಹೋದರೂ ಕಣ್ಣು ಬಿಟ್ಟು ಉಳಿದದ್ದೆಲ್ಲ ದುಪಟ್ಟಾದಲ್ಲಿ ಸುತ್ತಿರುತ್ತದೆ. 42 ಡಿಗ್ರಿಯ ಮೇ ತಿಂಗಳಲ್ಲಿ ಅವಳ ಮುಖ ಬೆಳಕು ಕಾಣುವುದು ದಿನಕ್ಕೆ ಅರ್ಧ ತಾಸು. ಹಿತವಾದ ಡಿಸೆಂಬರಿನಲ್ಲಿ ನಾಲ್ಕು ತಾಸು. ತಾಯಿ ಸರಿಯಾಗಿಯೇ ಲೆಕ್ಕ ಹಾಕಿದ್ದರು: ಮಗಳು ಥಂಡಿಗೇ ಕಪ್ಪಾಗುತ್ತಿದ್ದಳು.

ಎಷ್ಟು ಬಿಸಿಲು?

ಚಳಿಗಾಲದಲ್ಲಿ ಸೂರ್ಯ ಬಲಹೀನ ಎಂಬುದು ಯುರೋಪಿಗೆ ಸರಿ. ಡಿಸೆಂಬರ್ 21ರಂದು ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಏರುತ್ತಾನೆ. ವಿಜಯಪುರ ಇರುವುದು ಹೆಚ್ಚುಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದೇ ದಿನ ಇಲ್ಲಿ ಸೂರ್ಯ 50 ಡಿಗ್ರಿಯ ಹತ್ತಿರ ನಿಂತಿರುತ್ತಾನೆ. 5 ಅಡಿ ಎತ್ತರದ ಹುಡುಗಿಯ ನೆರಳು ಆಗ ನಾಲ್ಕೂಕಾಲು ಅಡಿಯಾಗುವುದಿಲ್ಲ. ನೆರಳು ನಿಮಗಿಂತ ಗಿಡ್ಡವಾಯಿತೆಂದರೆ ನೇರಳಾತೀತ ಕಿರಣ ಜೋರಾಗಿದೆ ಎಂದು ಚರ್ಮವೈದ್ಯರು ಬಳಸುವ ಸುಲಭದ ಅಳತೆ. ವರ್ಷದ ಅತಿ ಚಿಕ್ಕ ಹಗಲಿನಲ್ಲೂ ನಮ್ಮಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ ಮುಕ್ಕಾಲು 2ರ ತನಕ ನೆರಳು ಗಿಡ್ಡವೇ. (ನಮ್ಮ ಊರಿನಲ್ಲಿ ಸೂರ್ಯ ಅತಿ ಮೇಲೆ ಬರುವುದು 12ಕ್ಕಲ್ಲ, ಆಗ 12.25ರ ಸುಮಾರಿಗೆ. ಗಡಿಯಾರ ಇನ್ನೂ ಪೂರ್ವದಲ್ಲಿರುವ ರೇಖಾಂಶದ್ದು.) ಯುವಿ ಸೂಚ್ಯಂಕ (ನೇರಳಾತೀತದ ಬಲದ ಅಳತೆ) 3 ಮುಟ್ಟಿದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೋಡವಿಲ್ಲದ ನಮ್ಮ ಡಿಸೆಂಬರ್ ಮಧ್ಯಾಹ್ನ ಆ ಗೆರೆಯನ್ನು ಆರಾಮಾಗಿ ದಾಟಿರುತ್ತದೆ.

ಝಳ ಬೇರೆ, ಕಿರಣ ಬೇರೆ. ಮೈ ಬೆಚ್ಚಗಾಗುವುದು ಹೆಚ್ಚಾಗಿ ಅವಕೆಂಪು ಕಿರಣದಿಂದ, ಚರ್ಮ ಕಪ್ಪಾಗುವುದು ಹೆಚ್ಚಾಗಿ ನೇರಳಾತೀತದಿಂದ. ತಣ್ಣನೆ ಗಾಳಿ ಬೀಸುವಾಗ ಮೊದಲನೆಯದು ತಿಳಿಯುವುದಿಲ್ಲ, ಎರಡನೆಯದು ಯಾವ ಕಾಲಕ್ಕೂ ತಿಳಿಯುವುದಿಲ್ಲ. ನೇರಳಾತೀತದಲ್ಲೂ ಎರಡು ಬಗೆ. ಸುಟ್ಟು ಕೆಂಪಾಗಿಸುವ ‘ಬಿ’ ಚಳಿಗಾಲಕ್ಕೆ ಒಂದಿಷ್ಟು ಇಳಿಯುತ್ತದೆ. ಚರ್ಮದ ಆಳಕ್ಕಿಳಿದು ಬಣ್ಣ ಗಾಢ ಮಾಡುವ ‘ಎ’ ಅಷ್ಟಾಗಿ ಇಳಿಯುವುದಿಲ್ಲ, ಬೆಳಗು-ಸಂಜೆಯೂ ಇರುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ.

ಗಾಜು ಎಂದ ಕೂಡಲೇ ನನಗೆ ಎಡಗಲ್ಲ ನೆನಪಾಯಿತು. ಇಂಡಿ ಇರುವುದು ವಿಜಯಪುರದ ಈಶಾನ್ಯಕ್ಕೆ. ಬೆಳಿಗ್ಗೆ ಇತ್ತ ಬರುವ ಬಸ್ಸಿನ ಎಡಬದಿಗೆ ಆಗ್ನೇಯದ ಸೂರ್ಯ. ಚೀಟಿಯ ಹಿಂದೆ ನಕ್ಷೆ ಬಿಡಿಸಿ ತಾಯಿ-ಮಗಳಿಗೆ ತೋರಿಸಿ ಪತ್ತೇದಾರನಂತೆ ಬೀಗಿದೆ. ಆಮೇಲೆ ಲೆಕ್ಕ ಹಾಕಿದರೆ ಬೆಳಿಗ್ಗೆ 8ರ ಸೂರ್ಯ ಅಷ್ಟು ಮಾಡಲಾರ. ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂತರೂ 12ರವರೆಗೆ ಸೂರ್ಯ ಎಡಗಡೆಯೇ ಇರುತ್ತಾನೆ, ದೊಡ್ಡ ಪಾಲು ಅದರದ್ದೇ. ಮೇಲಾಗಿ ಓದುವಾಗ ಎಡಗೈ ಮೇಲೆ ಗಲ್ಲ ಊರುವ ರೂಢಿ ಅವಳಿಗೆ, ಅದೂ ಗುಳ್ಳೆ ಕೆರಳಿಸುತ್ತದೆ. ಬಸ್ಸಿನ ಪಾಲು ಸಣ್ಣದು. ನಕ್ಷೆ ಮಾತ್ರ ಚೆನ್ನಾಗಿತ್ತು.

ಲಿಂಬೆ

ಮೊದಲ ಸಲ ನೋಡಿಯೂ ಕೇಳದೆ ಬಿಟ್ಟದ್ದು ಇನ್ನೊಂದಿತ್ತು. ದವಡೆಯಿಂದ ಕುತ್ತಿಗೆಯ ಕಡೆಗೆ ಹನಿ ಇಳಿದಂಥ ಕಂದು ಗೆರೆ, ಬಲಗೈ ಬೆರಳುಗಳ ಹಿಂಬದಿಯಲ್ಲಿ ಅಂಥವೇ ಮಚ್ಚೆ. ಮೊಡವೆ ಹೀಗೆ ಹರಿದು ಕಲೆ ಮಾಡುವುದಿಲ್ಲ. “ಮುಖಕ್ಕ ಏನು ಹಚ್ಚತಿ?” ಎಂದೆ. ಹುಡುಗಿ ತಾಯಿಯ ಮುಖ ನೋಡಿದಳು, ತಾಯಿ ನನ್ನ ಮುಖ.

“ಕಡ್ಲಿಹಿಟ್ಟಿಗೆ ಲಿಂಬಿರಸ ಹಿಂಡಿ ಹಚ್ತಾಳ್ರಿ. ಮನ್ಯಾಗ ಏನ್ ಕಮ್ಮಿ ಐತಿ? ಚೀಲಗಟ್ಲೆ ಬಿದ್ದಾವ. ಹಚ್ಕೊಂಡು ಒಣಗಲಿ ಅಂತ ಬಿಸಲಿಗೆ ಕುಂದರ್ತಾಳ.”

ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ರಸಕ್ಕೂ ಹೆಸರು, ತೆಳು ಸಿಪ್ಪೆಗೂ ಹೆಸರು. ಅದರ ಬಗ್ಗೆ ಆ ಊರಿನವರ ಎದುರು ಕೆಟ್ಟದ್ದು ಹೇಳುವುದು ಸುಲಭವಲ್ಲ. ಆದರೆ ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಸೋರಾಲೆನ್ ಜಾತಿಯ ವಸ್ತುಗಳಿವೆ. ಚರ್ಮಕ್ಕೆ ತಾಗಿ ಅದರ ಮೇಲೆ ನೇರಳಾತೀತ ‘ಎ’ ಬಿದ್ದರೆ ಒಂದೆರಡು ದಿನದಲ್ಲಿ ಚರ್ಮ ಕೆರಳುತ್ತದೆ, ಆಮೇಲೆ ಕಂದು ಕಲೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ತೊನ್ನಿನ ಬಿಳಿ ಮಚ್ಚೆಗೆ ಬಣ್ಣ ತರಿಸಲು ನಾವು ವೈದ್ಯರೇ ಈ ವಸ್ತುವನ್ನು ಬೆಳಕಿನ ಜೊತೆ ಬಳಸುತ್ತೇವೆ. ಹಳೆಯ ವೈದ್ಯದ ಬಾವಂಚಿಯಲ್ಲಿ ಇರುವುದೂ ಇದೇ. ಎಂದರೆ ಈ ಹುಡುಗಿ ಬೆಳ್ಳಗಾಗಲು ವಾರಕ್ಕೆರಡು ಸಲ ಕಪ್ಪಾಗುವ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಇದನ್ನು ಹೇಳಿದಾಗ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮಗಳು ನಗಲಿಲ್ಲ.

ಬಿಸಿಲಿಗೆ ಗುಳ್ಳೆ ಒಣಗುತ್ತದೆ ಎಂಬ ನಂಬಿಕೆಯೂ ಇತ್ತು. ಇದನ್ನು ತಳ್ಳಿಹಾಕುವ ಮೊದಲು ಒಂದು ಮಾತು ಒಪ್ಪಬೇಕು: ಬೆಳಕಿನಲ್ಲಿರುವ ನೀಲಿ ಭಾಗ ಮೊಡವೆಯ ಬ್ಯಾಕ್ಟೀರಿಯಾವನ್ನು ನಿಜಕ್ಕೂ ಕೊಲ್ಲುತ್ತದೆ, 415 ನ್ಯಾನೋಮೀಟರ್ ಸುತ್ತಲಿನ ನೀಲಿ ದೀಪದ ಚಿಕಿತ್ಸೆಯೇ ಇದೆ. ತೊಂದರೆ ಏನೆಂದರೆ, ನಮ್ಮಂಥ ಕಂದು ಚರ್ಮದಲ್ಲಿ ಹೆಚ್ಚು ದಿನ ನಿಲ್ಲುವ ಕಪ್ಪು ತರಿಸುವುದೂ ಅದೇ ನೀಲಿ. ಗುಳ್ಳೆಗೆ ಚಿಕ್ಕ ಉಪಕಾರ, ಕಲೆಗೆ ದೊಡ್ಡ ಅಪಕಾರ.

ಟ್ಯೂಬು ಹೇಳಿದ ಕಥೆ

ಸನ್‌ಸ್ಕ್ರೀನ್ ಟ್ಯೂಬು ತಂದಿದ್ದೀಯಾ ಎಂದೆ. ತಂದಿದ್ದಳು. 50 ಗ್ರಾಮಿನದು, ಐದು ವಾರವಾದರೂ ಬಹುಪಾಲು ಹಾಗೇ ಇತ್ತು. ಈಗ ನಾನು ಎಲ್ಲರಿಗೂ ಟ್ಯೂಬು ತರಲು ಹೇಳುತ್ತೇನೆ, ಬಾಯಿಮಾತಿಗಿಂತ ಅದು ಚೊಕ್ಕ. ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಅಷ್ಟಾಗುತ್ತದೆ. ದಿನಕ್ಕೊಂದೇ ಸಲ ಹಚ್ಚಿದರೂ 50 ದಿನಕ್ಕೆ ಟ್ಯೂಬು ಖಾಲಿಯಾಗಬೇಕು. ಇವಳು ಕ್ಲಾಸಿನ ದಿನ ಮಾತ್ರ, ಕಡಲೆಕಾಳಿನಷ್ಟು, ಸ್ನೋ ಹಚ್ಚಿದಂತೆ ಹಚ್ಚಿದ್ದಳು. ಕಂಪನಿಯವರು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಸವರಿ ಅಳೆದದ್ದು ಆ 50 ಎಂಬ ಅಂಕಿ. ಕಡಲೆಕಾಳಿನಷ್ಟಕ್ಕೆ ಅದು ಸಿಗುವುದಿಲ್ಲ. ಅಂಕಿಯ ಹುಚ್ಚೂ ಬೇಡ: ಸರಿಯಾಗಿ ಹಚ್ಚಿದರೆ 30 ಇರುವುದು ‘ಬಿ’ ಕಿರಣದ 97 ಶೇಕಡಾ ತಡೆಯುತ್ತದೆ, 50 ಇರುವುದು 98. ಕಲೆಯ ಚಿಂತೆ ಇರುವವರು ನೋಡಬೇಕಾದದ್ದು ಅದರ ಪಕ್ಕದ ಪಿಎ ಎಂಬ ಅಕ್ಷರ, ಅದರ ಮುಂದಿನ ಕೂಡು ಚಿಹ್ನೆಗಳು. ‘ಎ’ ಕಿರಣದ ಲೆಕ್ಕ ಅಲ್ಲಿದೆ. ಜಪಾನಿನವರು ಮಾಡಿದ ಪದ್ಧತಿ, ನಾಲ್ಕು ಕೂಡು ಇದ್ದರೆ ಅತಿ ಹೆಚ್ಚು.

ಕಡಿಮೆ ಹಚ್ಚಿದ್ದಕ್ಕೆ ಅವಳಿಗೂ ಕಾರಣವಿತ್ತು. ಹಚ್ಚಿದಾಗಲೆಲ್ಲ ಗುಳ್ಳೆ ಏಳುತ್ತಿತ್ತಂತೆ. ಕೇಳಿದರೆ, ಮುಖ ಬಿರಿಯುತ್ತದೆಂದು ಮೊದಲು ಕೊಬ್ಬರಿ ಎಣ್ಣೆ, ಅದರ ಮೇಲೆ ಸನ್‌ಸ್ಕ್ರೀನ್. ಬೆಳಿಗ್ಗೆ ಬಾಟಲಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿರುವ ಎಣ್ಣೆಯನ್ನು ಒಲೆಯ ಹತ್ತಿರ ಇಟ್ಟು ಕರಗಿಸಿ ಹಚ್ಚುವುದು ನಮ್ಮ ಮನೆಗಳ ಚಳಿಗಾಲದ ಚಿತ್ರ. ಕೈಕಾಲಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಮೊಡವೆ ಏಳುವ ಮುಖದಲ್ಲಿ ಮಾತ್ರ ಅದು ರಂಧ್ರ ಮುಚ್ಚುತ್ತದೆ. ಬೈಗುಳ ತಿಂದದ್ದು ಸನ್‌ಸ್ಕ್ರೀನ್, ಮಾಡಿದ್ದು ಎಣ್ಣೆ. ಇನ್ನೊಂದು ಕಾರಣ ಅವಳು ಸಂಕೋಚದಿಂದ ಹೇಳಿದಳು: ಸತು ಇರುವ ಆ ಕ್ರೀಮು ಅವಳ ಬಣ್ಣದ ಮೇಲೆ ಬೆಳ್ಳಗೆ ಕೂರುತ್ತಿತ್ತು. ಕ್ಲಾಸಿನ ಗೆಳತಿಯರು “ಇಬತ್ತಿ ಹಚ್ಕೊಂಡು ಬಂದಿಯೇನ?” ಎಂದು ಕಾಡಿಸಿದ್ದರು. ಅಲ್ಲಿಗೆ ಮುಗಿಯಿತು. ಯಾವ ವೈದ್ಯರ ಚೀಟಿಯೂ ಗೆಳತಿಯರ ನಗೆಯ ಮುಂದೆ ನಿಲ್ಲುವುದಿಲ್ಲ.

ನನ್ನ ತಪ್ಪನ್ನೂ ಇಲ್ಲೇ ಬರೆಯಬೇಕು. ಒಣಗಾಳಿಯ ತಿಂಗಳಿನಲ್ಲಿ, ಆಗಲೇ ಬಿರಿದಿದ್ದ ಚರ್ಮಕ್ಕೆ ಅಡಾಪಲಿನ್ ದಿನವೂ ಹಚ್ಚು ಎಂದದ್ದು, ತೇವದ ಕ್ರೀಮು ಬರೆಯದೆ ಇದ್ದದ್ದು. ಅವಳು ಎಣ್ಣೆಗೆ ಕೈ ಹಾಕಿದ್ದೂ ಅದಕ್ಕೇ. ಕೆರಳಿದ ಚರ್ಮದ ಮೇಲೆ ಎಂಟು ತಾಸು ಹೊಲದ ಬೆಳಕು ಬಿದ್ದು, ಎಳ್ಳ ಅಮಾವಾಸ್ಯೆಯ ಮಾರನೇ ದಿನದ ಆ ಮುಖವಾಯಿತು.

ಮುಂದೆ ಮಾಡಿದ್ದು

ಹತ್ತು ದಿನ ಔಷಧವೆಲ್ಲ ಬಂದ್. ಸುವಾಸನೆ ಇಲ್ಲದ, ರಂಧ್ರ ಮುಚ್ಚದ ತೆಳು ಕ್ರೀಮು ದಿನಕ್ಕೆ ಮೂರು ಸಲ, ಅಷ್ಟೇ. ಉರಿ ಇಳಿದ ಮೇಲೆ ಅಡಾಪಲಿನ್ ವಾರಕ್ಕೆ ಎರಡು ರಾತ್ರಿ, ಅದೂ ಮೊದಲು ತೇವದ ಕ್ರೀಮು ಸವರಿ ಅದರ ಮೇಲೆ. ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯುವುದು. ಇದರಿಂದ ತಾಯಿಯ ಒಂದು ದೂರೂ ಬಗೆಹರಿಯಿತು: ಅಷ್ಟರಲ್ಲಿ ಎರಡು ದಿಂಬಿನ ಚೀಲ, ಒಂದು ಕೌದಿಯ ಅಂಚು ಬಣ್ಣ ಕಳೆದುಕೊಂಡಿದ್ದವು. ಆ ಔಷಧದ ಗುಣವೇ ಅದು, ಇಳಕಲ್ ಸೀರೆಗೆ ತಾಗದಿರಲಿ ಎಂದು ಎಚ್ಚರಿಸಿದೆ. ಆಮೇಲೆ ಅಜೆಲಾಯಿಕ್ ಆಮ್ಲದ ಮುಲಾಮು ಸೇರಿಸಿದೆ, ಗುಳ್ಳೆ, ಕಲೆ ಎರಡಕ್ಕೂ ಸಲ್ಲುವಂಥದ್ದು.

ಸನ್‌ಸ್ಕ್ರೀನ್ ಬದಲಿಸಿ ಬಣ್ಣ ಬೆರೆತದ್ದು ಕೊಟ್ಟೆ. ಆ ಬಣ್ಣ ಕಬ್ಬಿಣದ ಆಕ್ಸೈಡಿನದು, ನಮ್ಮ ಗೋಡೆಗಳಿಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಅದರದ್ದೇ. ಸಾಮಾನ್ಯ ಸನ್‌ಸ್ಕ್ರೀನ್ ತಡೆಯಲಾರದ ಆ ನೀಲಿ ಬೆಳಕನ್ನು ಇದು ತಡೆಯುತ್ತದೆ, ಬಿಳಿ ಪೊರೆಯೂ ಕಾಣುವುದಿಲ್ಲ. (ಕೆಮ್ಮಣ್ಣನ್ನೇ ಕಲಸಿ ಮುಖಕ್ಕೆ ಹಚ್ಚಬೇಡಿ. ಹೀಗೆ ಬರೆಯದಿದ್ದರೆ ಯಾರಾದರೂ ಹಚ್ಚುತ್ತಾರೆ.) ತುಸು ತುಟ್ಟಿ. ಆದ್ದರಿಂದ ಹೆಚ್ಚಿನ ಕೆಲಸವನ್ನು ಟ್ಯೂಬಿಗೆ ಬಿಡದೆ ಕೂರುವ ರೀತಿಗೆ ಬಿಟ್ಟೆ.

ಮಾಳಿಗೆ ಬಿಡು ಎನ್ನಲಿಲ್ಲ. ಬಿಡುವುದೂ ಇಲ್ಲ, ಬಿಡಬೇಕಾಗಿಯೂ ಇಲ್ಲ. “ಸೂರ್ಯಾಗ ಬೆನ್ನ ಕೊಟ್ಟು ಕುಂದ್ರು” ಎಂದೆ. ಬೆನ್ನು ಕಾಯುತ್ತದೆ, ಪುಸ್ತಕ ತನ್ನದೇ ನೆರಳಿನಲ್ಲಿರುತ್ತದೆ, ಮುಖದ ಮೇಲೆ ನೇರ ಕಿರಣವಿಲ್ಲ. ಆದರೂ ಆಕಾಶದಿಂದ ಚೆದುರಿ, ಸುಣ್ಣದ ಗೋಡೆಗೆ ತಾಗಿ ಬರುವುದು ಇದ್ದೇ ಇದೆ, ಅದಕ್ಕೆ ಎರಡು ಬೆರಳಿನ ಗೆರೆ. 11ರ ಮೇಲೆ ಕೆಳಗಿಳಿ. ಬಸ್ಸಿನಲ್ಲಿ ಬಲಗಡೆ ಕೂಡು. ದುಪಟ್ಟಾ ಚಳಿಗಾಲದಲ್ಲೂ ಇರಲಿ, ಆದರೆ ದೀಪಕ್ಕೆ ಹಿಡಿದರೆ ಆಚೆ ಕಾಣುವಂಥ ತೆಳುವಾದದ್ದು ಬೇಡ. ದಿನವೂ ಒಗೆದದ್ದಿರಬೇಕು, ಬೆವರು, ಧೂಳು ಹಿಡಿದ ಬಟ್ಟೆಯ ತಿಕ್ಕಾಟವೇ ಗಲ್ಲಕ್ಕೆ ಮೊಡವೆ ತರಿಸುತ್ತದೆ. ಲಿಂಬೆ ಸಾರಿಗೆ, ಚಿತ್ರಾನ್ನಕ್ಕೆ. ಹಿಂಡಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದು ಹೊರಗೆ ಹೋಗು.

ಚೀಟಿಯಲ್ಲಿ ‘ಬಿಸಿಲು’ ಎಂಬ ಪದ ಹೊಡೆದುಹಾಕಿ ಹೊಸದಾಗಿ ಬರೆದೆ: ‘ನಿನ್ನ ನೆರಳು ಕಾಣುತ್ತಿದ್ದರೆ ಹಚ್ಚಿರಬೇಕು. ನೆರಳು ನಿನಗಿಂತ ಗಿಡ್ಡವಾದರೆ ಮರೆಗೆ ಹೋಗಬೇಕು.’ ಓದು ಬರದ ಅಜ್ಜಿಗೂ ಇದು ತಿಳಿಯುತ್ತದೆ.

ತಾಯಿಯ ಪ್ರಶ್ನೆ ನಿರೀಕ್ಷಿಸಿದ್ದೇ: “ಎಳಿ ಬಿಸಲಿಗೆ ಎಲುಬು ಗಟ್ಟಿ ಆಗ್ತಾವಂತಲ್ರಿ?” ಆಗುತ್ತವೆ, ವಿಟಮಿನ್ ಡಿ ತಯಾರಾಗಲು ಬಿಸಿಲು ಬೇಕು. ಅದಕ್ಕೆ ಮುಖವೇ ಬೇಕೆಂದಿಲ್ಲ, ಮುಖ ಇಡೀ ಮೈಯ ಸಣ್ಣ ಪಾಲು. ಮೊಣಕೈತನಕ ತೋಳು, ಕಾಲು ಕಾಯಲಿ. ಹೇಳುತ್ತ ಅವರ ಮುಖ ನೋಡಿದೆ. ಸೆರಗು ಮುಚ್ಚಿದ್ದ ಹಣೆಯ ಮೇಲ್ಭಾಗ ತಿಳಿಯಾಗಿತ್ತು, ಸೆರಗಿನ ನೆರಳು ಮುಟ್ಟದ ಎರಡೂ ಗಲ್ಲದ ಮೇಲೆ ಬಂಗು. ವರ್ಷಗಟ್ಟಲೆ ಹೊಲದಲ್ಲಿ ದುಡಿದ ಮುಖ. ಅವರ ಬಗ್ಗೆ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮಗಳ ಟ್ಯೂಬಿನಲ್ಲೇ ನೀವೂ ಹಚ್ಚಿರಿ ಎಂದೆ. “ನನಗ್ಯಾಕ್ರಿ ಈ ವಯಸ್ಸಿನಾಗ” ಎಂದು ಸೆರಗು ಮುಂದಕ್ಕೆ ಎಳೆದುಕೊಂಡರು.

ಫೆಬ್ರುವರಿ ಮೊದಲ ವಾರ ಬಂದಾಗ ಕೆಂಪು ಗುಳ್ಳೆ 9. ಮಾರ್ಚ್ ನಡುವಿನಲ್ಲಿ 5. ಪ್ರತಿಸಲ ಅದೇ ಕಿಟಕಿಯ ಬಳಿ ಕೂರಿಸಿ ಅದೇ ಫೋನಿನಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬಲಗಲ್ಲ ಬಹುಪಾಲು ತಿಳಿಯಾಗಿದೆ. ಎಡಗಲ್ಲದ ಕಲೆಗಳು ಮಸುಕಾಗಿವೆ, ಹೋಗಿಲ್ಲ. ದವಡೆಯ ಲಿಂಬೆಯ ಗೆರೆ ಇನ್ನೂ ಇದೆ, ಹುಡುಕಿದರೆ ಕಾಣುತ್ತದೆ. ಇಂಥ ಕಲೆಗೆ ಆರು ತಿಂಗಳು, ವರ್ಷ ಹಿಡಿಯುವುದುಂಟು, ಮೊದಲೇ ಹೇಳಿದ್ದೆ. ಟ್ಯೂಬು ಮಾತ್ರ ಖಾಲಿಯಾಗಿತ್ತು, ಅದೂ ಲೆಕ್ಕಕ್ಕಿಂತ ಬೇಗ. ಯಾಕೆ ಎಂದರೆ ಹುಡುಗಿ ತಾಯಿಯ ಕಡೆ ಕಣ್ಣು ತಿರುಗಿಸಿದಳು. ತಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು.

ಏಳುವ ಮುಂಚೆ ಹುಡುಗಿ ಕೇಳಿದಳು: “ಮೇಡಂ, ಬ್ಯಾಸಗಿ ಬಂತು. ಇನ್ನ ಇದನ್ನ ಹಚ್ಚೂದು ಬಿಡ್ಲೇನ್ರಿ? ಬ್ಯಾಸಗಿಯಾಗ ನಾ ಹೊರಗ ಹೋಗಂಗಿಲ್ಲ.”

ಬೇರೆಯವರು ಕೇಳುವುದು ಇದರ ತಿರುವುಮುರುವು: ಥಂಡಿ ಬಂತು, ಇನ್ನು ಬಿಡಲೇ? ಥಟ್ಟನೆ ಬೇಡ ಎನ್ನಲು ಹೋಗಿ ತಡೆದುಕೊಂಡೆ. ಅವಳ ಲೆಕ್ಕ ತಪ್ಪಿರಲಿಲ್ಲ. ಬಾಗಿಲು ಮುಚ್ಚಿ ಒಳಗೇ ಇರುವ ದಿನ ಬಿಡು ಎಂದೆ, ಬಸ್ಸಿನ ದಿನ ದುಪಟ್ಟಾದ ಕೆಳಗೂ ಹಚ್ಚು. ಮುಂದಿನ ಭೇಟಿ ಅಕ್ಟೋಬರ್‌ಗೆ ಬರೆದುಕೊಟ್ಟೆ, ಮಾಳಿಗೆ ಹತ್ತುವ ಕಾಲ ಶುರುವಾಗುವ ಮೊದಲು.